ಹವಾಮಾನ ಬದಲಾದಾಗ ಇಲಿ ಬದಲಾಯಿತಾ, ಇಲ್ಲಾ ಹಳೇ ಇಲಿ ಹೋಗಿ ಹೊಸ ಇಲಿ ಬಂತಾ?

ಹಳೇಬೇರು
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ತಿನ್ನುತ್ತಿದೆ, ತಿಳಿದವರು ಹೇಳಿ.

ಹಿಮಾಲಯದ ತಪ್ಪಲಿನ ಶಿವಾಲಿಕ್ ಪದರಗಳ ಪಳೆಯುಳಿಕೆ ಬಗ್ಗೆ ಓದುತ್ತಿದ್ದೇನೆ. ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ ನದಿಗಳು ತಂದು ಹಾಕಿದ ಮಣ್ಣು ಪದರ ಪದರವಾಗಿ ಕೂತಿದೆ. ಸುಮಾರು 1.4 ಕೋಟಿ ವರ್ಷದಿಂದ 20 ಲಕ್ಷ ವರ್ಷದ ಹಿಂದಿನವರೆಗೆ ಅದರಲ್ಲಿ ಇಲಿ ಹಲ್ಲುಗಳು ಸಿಗುತ್ತಾ ಹೋಗುತ್ತವೆ. 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದೆ ಅಲ್ಲಿನ ಕಾಡು ಸರಿದು ಹುಲ್ಲುಗಾವಲು ಬಂತು. ಅದೇ ಹೊತ್ತಿಗೆ ಕೆಲವು ಇಲಿಗಳ ಹಲ್ಲೂ ಬದಲಾಯಿತು.

"ಹವಾಮಾನ ಬದಲಾಯಿತು, ಪ್ರಾಣಿ ಅದಕ್ಕೆ ಹೊಂದಿಕೊಂಡಿತು" ಅಂತ ಎಲ್ಲ ಕಡೆ ಒಂದೇ ಸಾಲಲ್ಲಿ ಮುಗಿಸುತ್ತಾರೆ. ನನಗೆ ಅದು ಅನುಕೂಲಕ್ಕೆ ಹೇಳಿದ ಕಥೆ ಅನ್ನಿಸುತ್ತೆ. ಅದೇ ಇಲಿಯ ಸಂತಾನ ಬದಲಾಯಿತಾ? ಇಲ್ಲಾ ಹಳೇದು ನಿರ್ವಂಶವಾಗಿ ಬೇರೆ ಕಡೆಯಿಂದ ಹೊಸದು ಬಂದು ಕೂತಿತಾ? ಮಣ್ಣಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ ಅಲ್ವಾ?

ಮೈಸೂರ್‌ಪಾಕ್
ಬೆಟ್ಟ ಅಗೆದು ಇಲಿ ಹಿಡಿದರು ಅನ್ನೋ ಗಾದೆಗೆ ಕೊನೆಗೂ ಸಾಕ್ಷಿ ಸಿಕ್ಕಿತು. ಅದೂ ಪೂರ್ತಿ ಇಲಿ ಅಲ್ಲ, ಹಲ್ಲು.

ಜರಡಿಜಾಣ
ಅಗೆಯೋದಲ್ಲ ಸ್ವಾಮಿ, ತೊಳೆಯೋದು. ಓದುವ ಕಾಲದಲ್ಲಿ ನಾನೂ ಈ ಕೆಲಸಕ್ಕೆ ಕೈ ಹಾಕಿದ್ದೆ. ಪದರದ ಮಣ್ಣನ್ನು ಚೀಲಗಟ್ಟಲೆ ತುಂಬಿ ತಂದು, ಚೆನ್ನಾಗಿ ಒಣಗಿಸಿ, ನೀರಲ್ಲಿ ನೆನೆಹಾಕಬೇಕು. ಜಿಗುಟು ಜೇಡಿಯಾದರೆ ಮೊದಲು ಸೀಮೆಎಣ್ಣೆಯಲ್ಲಿ ನೆನೆಸುವವರೂ ಇದ್ದಾರೆ. ಆಮೇಲೆ ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ ತೊಳೆಯೋದು. ಉಳಿದ ಗಸಿಯನ್ನು ಒಣಗಿಸಿ ಮೈಕ್ರೋಸ್ಕೋಪ್ ಕೆಳಗೆ ಹರಡಿಕೊಂಡು, ಒದ್ದೆ ಬ್ರಷ್ಷಿನ ತುದಿಯಲ್ಲಿ ಒಂದೊಂದೇ ಕಣ ಸರಿಸುತ್ತಾ ಕೂರಬೇಕು. ಸುಣ್ಣದ ಹರಳು, ಮೀನಿನ ಮೂಳೆ ಚೂರು, ಮತ್ತೆ ಸುಣ್ಣದ ಹರಳು. ಸಾಸಿವೆ ಕಾಳಿನಷ್ಟಿರುವ ಹಲ್ಲು ಬಂದರೆ ಕೂಡಲೇ ಗೊತ್ತಾಗುತ್ತೆ. ಉಳಿದದ್ದೆಲ್ಲ ಮಂಕಾಗಿರುತ್ತೆ, ಹಲ್ಲಿನ ಗಟ್ಟಿ ಹೊರಪದರ ಎನಾಮೆಲ್ ಮಾತ್ರ ಹೊಳೆಯುತ್ತೆ.

ಈಗ ಹಳೇಬೇರು ಅವರ ಪ್ರಶ್ನೆ. ಶಿವಾಲಿಕ್ ಮಟ್ಟಿಗೆ ಉತ್ತರ: ಮುಖ್ಯ ವಂಶಗಳು ಅಲ್ಲೇ ಬದಲಾಗಿವೆ. ಕೆಳಗಿನ ಚಿಂಜಿ ಪದರದಲ್ಲಿ ಆಂಟೆಮಸ್ ಅನ್ನೋ ಇಲಿ ಇದೆ. 1970ರ ದಶಕದಲ್ಲಿ ಪಳೆಯುಳಿಕೆ ತಜ್ಞ ಲೂಯಿಸ್ ಜೇಕಬ್ಸ್ ಹೆಸರಿಟ್ಟದ್ದು. ಇವತ್ತಿನ ಇಲಿಗಳ ಮೇಲ್ದವಡೆಯ ಹಲ್ಲಲ್ಲಿ ಉಬ್ಬುಗಳು ಅಡ್ಡಸಾಲಾಗಿ ಕೂಡಿಕೊಂಡಿರುತ್ತವೆ. ಆಂಟೆಮಸ್‌ನಲ್ಲಿ ಹೆಚ್ಚುವರಿ ಉಬ್ಬುಗಳು ಬಂದಿವೆ, ಆದರೆ ಸಾಲು ಇನ್ನೂ ಕೂಡಿಲ್ಲ. ಮೇಲಿನ ಪದರಗಳಿಗೆ ಬಂದ ಹಾಗೆ ಕೂಡುತ್ತಾ ಬಂದು ಪ್ರೊಗೊನೊಮಿಸ್ ಅನ್ನೋ ಇಲಿ ಆಗುತ್ತೆ. ನಡುವಿನ ಹಂತಗಳು ಅದೇ ಜಾಗದಲ್ಲಿ ಸಿಕ್ಕಿವೆ. ಹೊರಗಿನಿಂದ ಬಂದಿದ್ದರೆ ಹೀಗೆ ಹಂತ ಹಂತವಾಗಿ ಸಿಗುತ್ತಿರಲಿಲ್ಲ.

ತಗಾದೆತಮ್ಮಯ್ಯ
ಒಪ್ಪಿದೆ. ಆದರೆ ಜಾಣರೇ, ನೀವು ಹೇಳಿದ್ದು ಹವಾಮಾನದ ಕಥೆಗೇ ಉಲ್ಟಾ ಹೊಡೆಯುತ್ತೆ. ಆಂಟೆಮಸ್‌ನಿಂದ ಪ್ರೊಗೊನೊಮಿಸ್ ಆಗಿದ್ದು 1.4 ಕೋಟಿಯಿಂದ 1.2 ಕೋಟಿ ವರ್ಷದ ಹಿಂದೆ. ಹುಲ್ಲುಗಾವಲು ಬಂದಿದ್ದು 80 ಲಕ್ಷದ ಈಚೆ. ಇಲಿ ಹಲ್ಲಿನ ಮೂಲ ವಿನ್ಯಾಸ ಕಾಡಿನಲ್ಲೇ ತಯಾರಾಗಿತ್ತು. ಹುಲ್ಲಿಗೂ ಅದಕ್ಕೂ ಏನು ಸಂಬಂಧ?

ಸುಣ್ಣಕಲ್ಲು
1.4 ಕೋಟಿ ವರ್ಷದ ಹಿಂದೆಯೂ ಭೂಮಿ ಗಣನೀಯವಾಗಿ ತಂಪಾಗಿತ್ತು, ಅಂಟಾರ್ಕ್ಟಿಕಾದ ಹಿಮ ಹಿಗ್ಗಿತ್ತು. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ತಗಾದೆತಮ್ಮಯ್ಯ
ಇದೇ ನನ್ನ ತಕರಾರು. ಯಾವ ದಿನಾಂಕ ಹೇಳಿದರೂ ಪಕ್ಕದಲ್ಲಿ ಒಂದು ತಂಪೋ ಬಿಸಿಯೋ ಇದ್ದೇ ಇರುತ್ತೆ. ಜೊತೆಗೆ ಆಯಿತು ಅಂದ ಮಾತ್ರಕ್ಕೆ ಅದರಿಂದಲೇ ಆಯಿತು ಅಂತಲ್ಲ.

ನೀಲಿಹಕ್ಕಿ
ತಮ್ಮಯ್ಯ ಸಾರ್, ಅದಕ್ಕೇ ಐಸೋಟೋಪ್, ಅಂದರೆ ಒಂದೇ ಧಾತುವಿನ ಹಗುರ ಮತ್ತು ಭಾರದ ರೂಪಗಳನ್ನು, ನೋಡುವುದು. ಬರೀ ದಿನಾಂಕ ಹೊಂದಿಸಿ ಕೂರಲ್ಲ.

ಗಿಡಗಳು ಗಾಳಿಯಿಂದ ಇಂಗಾಲ ಹೀರುವುದರಲ್ಲಿ ಮುಖ್ಯವಾಗಿ ಎರಡು ಪದ್ಧತಿ ಇವೆ. ಭತ್ತ, ಗೋಧಿ, ಹೆಚ್ಚಿನ ಮರಗಳು ಸಿ3. ರಾಗಿ, ಜೋಳ, ಕಬ್ಬು, ಬಿಸಿಲು ನಾಡಿನ ಹೆಚ್ಚಿನ ಹುಲ್ಲುಗಳು ಸಿ4. ಸಿ4 ಗಿಡದಲ್ಲಿ ಭಾರದ ಇಂಗಾಲ, ಅಂದರೆ ಕಾರ್ಬನ್-13, ಸ್ವಲ್ಪ ಜಾಸ್ತಿ ಇರುತ್ತೆ. ತಿಂದವರ ಹಲ್ಲಿನ ಎನಾಮೆಲ್‌ನಲ್ಲಿ ಆ ಗುರುತು ಉಳಿದುಬಿಡುತ್ತೆ. ಆನೆ, ಕುದುರೆ ಹಲ್ಲಾದರೆ ಡ್ರಿಲ್ ಹಾಕಿ ಪುಡಿ ತೆಗೆಯಬಹುದು. ಇಲಿ ಹಲ್ಲಿಗೆ ಡ್ರಿಲ್ ಇಟ್ಟರೆ ಹಲ್ಲೇ ಇರಲ್ಲ. ಅದಕ್ಕೆ ಲೇಸರ್‌ನಿಂದ ಚೂರೇ ಚೂರು ಆವಿ ಮಾಡಿ ಅಳೆದರು. 2013ರಲ್ಲಿ ಯೂರಿ ಕಿಮುರಾ ಮತ್ತು ಜೊತೆಗಾರರು ಪೊಟ್ವಾರ್ ಇಲಿಗಳ ಮೇಲೆ ಇದನ್ನೇ ಮಾಡಿ ಪ್ರಕಟಿಸಿದರು.

ಅವರಿಗೆ ಕಂಡದ್ದು ಇದು. ಒಂದೇ ಕಾಲದಲ್ಲಿ ಒಂದೇ ಜಾಗದಲ್ಲಿದ್ದ ಇಲಿಗಳಲ್ಲಿ ದೊಡ್ಡ ಜಾತಿಗಳು ಸಿ4 ಕಡೆ ಜಾಸ್ತಿ ವಾಲಿದ್ದವು, ಸಣ್ಣವು ಕಡಿಮೆ. ಎರಡು ವಂಶಗಳಲ್ಲಿ ಒಂದರ ಹಲ್ಲು ಬೇಗ ಬೇಗ ಬದಲಾಯಿತು, ಇನ್ನೊಂದರದ್ದು ನಿಧಾನ. ಬೇಗ ಬದಲಾದ ವಂಶದಲ್ಲಿ ಹಲ್ಲಿನ ಬದಲಾವಣೆ ಮತ್ತು ಸಿ4 ಊಟ ಎರಡೂ ಒಟ್ಟೊಟ್ಟಿಗೆ ಸಾಗಿವೆ. ಒಂದೇ ಮಳೆ, ಒಂದೇ ಬಿಸಿಲು, ಆದರೂ ಎರಡು ವಂಶ ಎರಡು ದಾರಿ ಹಿಡಿದವು. ಹವಾಮಾನ ನೇರವಾಗಿ ಇಲಿಯನ್ನು ಮುಟ್ಟಲಿಲ್ಲ. ಊಟವನ್ನು ಬದಲಿಸಿತು. ಯಾರು ಏನು ತಿಂದರು ಅನ್ನೋದರ ಮೇಲೆ ಹಲ್ಲು ನಿರ್ಧಾರವಾಯಿತು.

ಬಯಲುಸೀಮೆ
ಅಂದರೆ ನನ್ನ ಹಲ್ಲು ಪರೀಕ್ಷೆ ಮಾಡಿದರೆ ಮುದ್ದೆ ತಿಂದವನು ಅಂತ ಗೊತ್ತಾಗುತ್ತೆ, ಮೈಸೂರ್‌ಪಾಕ್ ಹಲ್ಲು ನೋಡಿದರೆ ಅನ್ನ ತಿಂದವನು ಅಂತ?

ನೀಲಿಹಕ್ಕಿ
ಎನಾಮೆಲ್ ಚಿಕ್ಕ ವಯಸ್ಸಲ್ಲೇ ಕಟ್ಟಿ ಮುಗಿಯುತ್ತೆ. ಹಾಗಾಗಿ ಬಾಲ್ಯದಲ್ಲಿ ಏನು ತಿಂದಿರಿ ಅಂತ ಗೊತ್ತಾಗುತ್ತೆ. ಉಳಿದಂತೆ ಹೌದು.

ಮೈಸೂರ್‌ಪಾಕ್
ನನ್ನ ಹೆಸರಲ್ಲೇ ಸಕ್ಕರೆ ಇದೆ, ಕಬ್ಬು ಸಿ4. ನಾನೂ ಹುಲ್ಲುಗಾವಲಿನವನೇ.

ತಗಾದೆತಮ್ಮಯ್ಯ
ನೀಲಿಹಕ್ಕಿ ಅವರ ಮಾತು ಚೆನ್ನಾಗಿದೆ. ಆದರೆ ಹುಲ್ಲು ಯಾಕೆ ಬಂತು? 1989ರಲ್ಲಿ ಜೇ ಕ್ವೇಡ್, ಥೂರ್ ಸರ್ಲಿಂಗ್ ತಂಡ ಶಿವಾಲಿಕ್‌ನ ಹಳೇ ಮಣ್ಣಿನ ಸುಣ್ಣದ ಇಂಗಾಲದಲ್ಲಿ ಸಿ3ಯಿಂದ ಸಿ4ಗೆ ಆದ ಈ ಬದಲಾವಣೆ ತೋರಿಸಿ, ಮಾನ್ಸೂನ್ ಜೋರಾದದ್ದರ ಗುರುತು ಇದು ಎಂದರು. ಆಮೇಲೆ ವಾತಾವರಣದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾದದ್ದು ಕಾರಣ ಎಂದವರಿದ್ದಾರೆ. ಒಣಹವೆ ಎಂದವರಿದ್ದಾರೆ. ಕಾಡ್ಗಿಚ್ಚು ಎಂದವರಿದ್ದಾರೆ. ಮೂಲ ಕಾರಣವೇ ತೀರ್ಮಾನವಾಗದೆ "ಹವಾಮಾನ ಮಾಡಿತು" ಅಂತ ಹೇಗೆ ಹೇಳುತ್ತೀರಿ?

ಸುಣ್ಣಕಲ್ಲು
ವರ್ಷದಲ್ಲಿ ಕೆಲವೇ ತಿಂಗಳು ಜೋರು ಮಳೆ, ಉಳಿದಂತೆ ಒಣ. ಬೆಳೆದ ಹುಲ್ಲು ಒಣಗುತ್ತೆ, ಬೆಂಕಿ ಬೀಳುತ್ತೆ, ಮರದ ಸಸಿ ಸಾಯುತ್ತೆ, ಹುಲ್ಲು ಮತ್ತೆ ಚಿಗುರುತ್ತೆ. ನೀವು ಬೇರೆ ಬೇರೆ ಅಂತ ಎಣಿಸಿದ ಕಾರಣಗಳು ಒಂದೇ ಮನೆಯವು. ಜಗಳ ಯಾವುದು ಮೊದಲು, ಯಾವುದರ ಪಾಲು ಜಾಸ್ತಿ ಅನ್ನೋದರ ಮೇಲೆ. ಹವಾಮಾನ ಅಲ್ಲವೇ ಅಲ್ಲ ಅಂತ ಯಾರೂ ಹೇಳುತ್ತಿಲ್ಲ.

ಹಳೇಬೇರು
ಸರಿ, ಶಿವಾಲಿಕ್‌ನಲ್ಲಿ ಅಲ್ಲೇ ಬದಲಾದವು. ಎಲ್ಲ ಕಡೆಯೂ ಹೀಗೇನಾ?

ಸುಣ್ಣಕಲ್ಲು
ಖಂಡಿತ ಇಲ್ಲ. ಯುರೋಪಿನಲ್ಲಿ ಸುಮಾರು 3.4 ಕೋಟಿ ವರ್ಷದ ಹಿಂದೆ ಆದದ್ದು ಪೂರಾ ಉಲ್ಟಾ. ಅಂಟಾರ್ಕ್ಟಿಕಾದಲ್ಲಿ ದೊಡ್ಡ ಹಿಮಹಾಸು ಕಟ್ಟಿತು. ನೀರು ಹಿಮವಾಗಿ ಕೂತಿದ್ದರಿಂದ ಸಮುದ್ರ ಇಳಿಯಿತು. ಯುರೋಪ್ ಮತ್ತು ಏಷ್ಯಾ ನಡುವೆ ಇದ್ದ ನೀರಿನ ತಡೆ ಹೋಯಿತು. ಏಷ್ಯಾದ ಕಡೆಯಿಂದ ಹ್ಯಾಮ್‌ಸ್ಟರ್ ಬಳಗದವು, ಬೀವರ್ ಬಳಗದವು ನುಗ್ಗಿದವು. ಯುರೋಪಿನ ಸ್ವಂತ ಥೆರಿಡೊಮಿಡ್ ಅನ್ನೋ ದಂಶಕಗಳು, ಅಂದರೆ ಇಲಿಯಂತೆ ಕಡಿದು ತಿನ್ನುವ ಗುಂಪಿನವು, ಕೆಲವು ಕಾಲ ತಡೆದುಕೊಂಡವು, ಆಮೇಲೆ ಅವೂ ಹೋದವು. ಹ್ಯಾನ್ಸ್ ಸ್ಟೆಲಿನ್ ಎಂಬ ಸ್ವಿಸ್ ವಿಜ್ಞಾನಿ ಇದಕ್ಕೆ ಫ್ರೆಂಚಿನಲ್ಲಿ ಗ್ರಾಂದ್ ಕುಪ್ಯೂರ್ ಎಂದು ಹೆಸರಿಟ್ಟರು. ಇಲ್ಲಿ ಹವಾಮಾನ ಹಲ್ಲು ತಿದ್ದಲಿಲ್ಲ, ಬಾಗಿಲು ತೆಗೆಯಿತು.

ಹಿಮಗನ್ನಡಿಗ
ಬಾಗಿಲ ವಿಷಯ ಬಂತು ಅಂತ ಹೇಳುತ್ತೇನೆ. ಲೆಮಿಂಗ್ ಗೊತ್ತಲ್ಲ, ಹಿಮನಾಡಿನ ದುಂಡು ಇಲಿ. ಹಿಮಯುಗದಲ್ಲಿ ಅದು ಬೆಲ್ಜಿಯಂ ತನಕ ಇತ್ತು. ಅಲ್ಲಿನ ಗುಹೆಗಳ ಮೂಳೆಯಿಂದ ಡಿಎನ್ಎ ತೆಗೆದು ನೋಡಿದರು. 2012ರಲ್ಲಿ ಫಲಿತಾಂಶ ಬಂತು. ಮೂಳೆ ಮಾತ್ರ ನೋಡಿದರೆ ಒಂದೇ ಲೆಮಿಂಗ್ ಸಾವಿರಾರು ವರ್ಷ ಅಲ್ಲೇ ಬಾಳಿದ ಹಾಗೆ ಕಾಣುತ್ತೆ. ಡಿಎನ್ಎ ಹೇಳಿದ್ದೇ ಬೇರೆ. ಅಲ್ಲಿದ್ದವು ಅಳಿದುಹೋಗಿ, ಪೂರ್ವದ ಕಡೆಯಿಂದ ಬೇರೆ ವಂಶದವು ಬಂದು ಸೇರಿವೆ. ಅದೂ ಒಂದು ಸಲವಲ್ಲ, ಮತ್ತೆ ಮತ್ತೆ. ಹಳೇಬೇರು ಅವರು ಮೊದಲಲ್ಲೇ ಕೇಳಿದ ಅನುಮಾನ ಇದೇ ತಾನೇ?

ಹಳೇಬೇರು
ಇದೇ, ಇದೇ. ಹಾಗಾದರೆ ಡಿಎನ್ಎ ಉಳಿಯದ ಶಿವಾಲಿಕ್‌ನಲ್ಲಿ ಜಾಣರು ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತಾರೆ?

ಜರಡಿಜಾಣ
ಲೆಮಿಂಗ್‌ನಲ್ಲಿ ಹೋದದ್ದೂ ಬಂದದ್ದೂ ಒಂದೇ ಥರದ ಹಲ್ಲಿನವು, ಅದಕ್ಕೆ ಕಣ್ಣಿಗೆ ಕಾಣಲಿಲ್ಲ. ನನ್ನ ಉದಾಹರಣೆಯಲ್ಲಿ ಹಲ್ಲೇ ಹಂತ ಹಂತವಾಗಿ ಬದಲಾಗಿದೆ. ಪಕ್ಕದ ಕಣಿವೆಯಿಂದ ನೆಂಟರು ಬಂದು ಬೆರೆತಿರಬಹುದು, ಅದನ್ನು ಅಲ್ಲಗಳೆಯಲ್ಲ. ಆದರೆ ವಂಶ ಅದೇ.

ಇನ್ನೊಂದು ಮಾತು. ಶಿವಾಲಿಕ್‌ನ ಈ ಹಲ್ಲುಗಳ ಮೇಲೆ ಜಗತ್ತಿನ ಎಷ್ಟೋ ಡಿಎನ್ಎ ಗಡಿಯಾರಗಳು, ಅಂದರೆ ಡಿಎನ್ಎ ವ್ಯತ್ಯಾಸ ನೋಡಿ ಎರಡು ವಂಶ ಯಾವಾಗ ಬೇರೆಯಾದವು ಅಂತ ಹಾಕುವ ಲೆಕ್ಕಗಳು, ನಿಂತಿವೆ. ಮನೆಯ ಸಣ್ಣ ಇಲಿಯ ವಂಶ ಮತ್ತು ದೊಡ್ಡ ಇಲಿಯ ವಂಶ ಬೇರೆಯಾದದ್ದು ಸುಮಾರು 1.2 ಕೋಟಿ ವರ್ಷದ ಹಿಂದೆ ಅಂತ ಪ್ರೊಗೊನೊಮಿಸ್ ನೋಡಿಯೇ ಲೆಕ್ಕ ಹಾಕುತ್ತಿದ್ದರು.

ನೀಲಿಹಕ್ಕಿ
ಆ ಲೆಕ್ಕವನ್ನು ಈಗ ಹಾಗೇ ಒಪ್ಪುವುದಿಲ್ಲ ಜಾಣ ಸಾರ್. ಕರ್ಣಿಮಾಟ ಅನ್ನೋ ಇನ್ನೊಂದು ಶಿವಾಲಿಕ್ ಇಲಿಯನ್ನು ದೊಡ್ಡ ಇಲಿಯ, ಅಂದರೆ ರ‍್ಯಾಟಸ್ ಕಡೆಯದ್ದು ಅಂದುಕೊಂಡಿದ್ದರು. ಕಿಮುರಾ ತಂಡವೇ 2015ರಲ್ಲಿ ಮತ್ತೆ ನೋಡಿ, ಅದು ಆಫ್ರಿಕಾದ ಅರ್ವಿಕ್ಯಾಂಥಿಸ್ ಬಳಗಕ್ಕೆ ಹತ್ತಿರ ಎಂದಿತು. ಹಾಗಾಗಿ ಆ ದಿನಾಂಕ ಬೇರೆ ಕವಲಿಗೆ ಸೇರುತ್ತೆ.

ಕಾಳುಮೆಣಸು
ದಂಶಕ ಅಂದರೆ ಇಲಿ ಮಾತ್ರನಾ? ಅಳಿಲು ಬರುತ್ತಾ? ಮೊಲ?

ಜರಡಿಜಾಣ
ಅಳಿಲು, ಹೆಗ್ಗಣ, ಮುಳ್ಳುಹಂದಿ ಎಲ್ಲ ದಂಶಕಗಳೇ. ಮೊಲ ಹತ್ತಿರದ ನೆಂಟ, ಆದರೆ ಬೇರೆ ಗುಂಪು. ಚೂಪು ಮೂತಿಯ ಸುಂಡಿಲಿ (ಶ್ರೂ) ನೋಡಲು ಇಲಿ ಥರ ಇದ್ದರೂ ಈ ಕಡೆಯದ್ದೇ ಅಲ್ಲ.

ಮೈಸೂರ್‌ಪಾಕ್
ಮುಳ್ಳುಹಂದಿ ಇಲಿ ಕಡೆಯವನಾ! ಹೆಸರಲ್ಲಿ ಹಂದಿ ಇಟ್ಟುಕೊಂಡು ಎಷ್ಟು ವರ್ಷ ಮೋಸ ಮಾಡಿದ.

ಡೆನ್ವರ್‌ದೋಸೆ
ನಾನಿರುವ ಅಮೆರಿಕದ ಪಶ್ಚಿಮದಲ್ಲಿ ಪ್ಯಾಕ್‌ರ‍್ಯಾಟ್ ಅಂತ ಒಂದಿದೆ. ಕಡ್ಡಿ, ಮುಳ್ಳು, ಎಲೆ, ಮೂಳೆ, ಕೈಗೆ ಸಿಕ್ಕಿದ್ದೆಲ್ಲ ಹೊತ್ತು ತಂದು ಬಂಡೆ ಸಂದಿಯಲ್ಲಿ ಗುಡ್ಡೆ ಹಾಕುತ್ತೆ. ಅದರ ಮೇಲೇ ಉಚ್ಚೆ ಹೊಯ್ಯುತ್ತೆ. ಒಣ ಸೀಮೆಯಲ್ಲಿ ಉಚ್ಚೆ ಗಟ್ಟಿಯಾಗಿ, ಕಂದು ಬಣ್ಣದ ಅಂಟಿನ ಹಾಗೆ ಇಡೀ ಗುಡ್ಡೆಯನ್ನು ಹಿಡಿದುಕೊಳ್ಳುತ್ತೆ. ಸಾವಿರಾರು ವರ್ಷ ಅಲ್ಲಾಡಲ್ಲ. ಒಳಗಿನ ಎಲೆ ನೋಡಿ ಆಗ ಯಾವ ಗಿಡ ಇತ್ತು ಅಂತ ಹೇಳುತ್ತಾರೆ.

ಗಮ್ಮತ್ತು ಇರುವುದು ಹಿಕ್ಕೆಯಲ್ಲಿ. ದೊಡ್ಡ ಇಲಿಯ ಹಿಕ್ಕೆ ದಪ್ಪ. ಫೆಲಿಸಾ ಸ್ಮಿತ್ ಮತ್ತು ಜೊತೆಗಾರರು ಹಳೇ ಹಿಕ್ಕೆಗಳ ಅಗಲ ಅಳೆದು, ಅವುಗಳ ವಯಸ್ಸು ಕಂಡುಹಿಡಿದು, 1995ರಲ್ಲಿ ಪ್ರಕಟಿಸಿದರು. ಹಿಮಯುಗದ ಚಳಿಯಲ್ಲಿ ಇಲಿ ದೊಡ್ಡದು, ಬಿಸಿ ಬಂದಾಗ ಚಿಕ್ಕದು. ಸುಮಾರು 25,000 ವರ್ಷದ ಉದ್ದಕ್ಕೂ ಮೈಗಾತ್ರ ತಾಪಮಾನದ ಬೆನ್ನು ಹತ್ತಿ ಹೋಗಿದೆ. ದೊಡ್ಡ ಮೈ ಬೇಗ ತಣ್ಣಗಾಗಲ್ಲ, ಚಿಕ್ಕ ಮೈ ಬಿಸಿಲಲ್ಲಿ ಬದುಕುತ್ತೆ. ನೀಲಿಹಕ್ಕಿ ಅವರು ಹವಾಮಾನ ನೇರವಾಗಿ ಮುಟ್ಟಲ್ಲ ಅಂದರಲ್ಲ, ಇಲ್ಲಿ ನೇರವಾಗಿಯೇ ಮುಟ್ಟಿದೆ.

ನೀಲಿಹಕ್ಕಿ
ಮೈಗಾತ್ರಕ್ಕೆ ಒಪ್ಪುತ್ತೇನೆ. ಆದರೆ ಅದು ಹಿಗ್ಗುತ್ತೆ, ಕುಗ್ಗುತ್ತೆ, ಮತ್ತೆ ಹಿಗ್ಗುತ್ತೆ. ನಾನು ಹೇಳುತ್ತಿದ್ದದ್ದು ಹೊಸ ಹಲ್ಲು, ಹೊಸ ಕುಲ ಹುಟ್ಟುವ ಬಗ್ಗೆ.

ಬಯಲುಸೀಮೆ
ಉಚ್ಚೆಯಲ್ಲಿ ಇತಿಹಾಸ, ಹಿಕ್ಕೆಯಲ್ಲಿ ಹವಾಮಾನ. ನಮ್ಮ ಅಟ್ಟದಲ್ಲಿ ಒಂದು ಗ್ರಂಥಾಲಯವೇ ಇದೆ, ಯಾರಾದರೂ ಬಂದು ತಗೊಂಡು ಹೋಗಿ.

ಹಳೇಬೇರು
ಸಸ್ಯಾಹಾರಿ ಪ್ರಾಣಿಗಳ ಹಲ್ಲು ಎತ್ತರವಾದದ್ದಕ್ಕೆ ಹುಲ್ಲೇ ಕಾರಣ ಅನ್ನೋದಾದರೂ ಗಟ್ಟಿಯಾ? ಹುಲ್ಲಲ್ಲಿ ಮರಳಿನ ಅಂಶ, ಸಿಲಿಕಾ, ಇರುತ್ತೆ, ಹಲ್ಲು ಸವೆಯುತ್ತೆ, ಅದಕ್ಕೆ ಎತ್ತರದ ಹಲ್ಲು ಬೇಕಾಯಿತು ಅಂತ ಓದಿದ್ದೆ.

ಸುಣ್ಣಕಲ್ಲು
ಪೆಟಗೋನಿಯಾದಲ್ಲಿ ಆ ಕಥೆ ಕೈಕೊಟ್ಟಿದೆ. ಅರ್ಜೆಂಟೀನಾದ ಗ್ರಾನ್ ಬರಾಂಕಾ ಎಂಬಲ್ಲಿ ಸಸ್ಯಾಹಾರಿ ಪ್ರಾಣಿಗಳಿಗೆ ಎತ್ತರದ ಹಲ್ಲು ಬಹಳ ಮೊದಲೇ ಬಂದಿತ್ತು. ಅದನ್ನು ನೋಡಿ ಜಗತ್ತಿನ ಮೊದಲ ಹುಲ್ಲುಗಾವಲು ಅಲ್ಲೇ ಇತ್ತು ಅಂದುಕೊಂಡಿದ್ದರು. ಕ್ಯಾರೊಲೈನ್ ಸ್ಟ್ರೋಂಬರ್ಗ್ ತಂಡ ಅದೇ ಮಣ್ಣಿನಿಂದ ಗಿಡಗಳ ಸಿಲಿಕಾ ಕಣ ತೆಗೆದು ನೋಡಿತು. ಹುಲ್ಲುಗಾವಲೇ ಇರಲಿಲ್ಲ. ಇದ್ದದ್ದು ಜ್ವಾಲಾಮುಖಿಯ ಬೂದಿ, ದೂಳು. 2013ರ ಕೆಲಸ ಇದು. ಎಲೆ ಯಾವುದಾದರೇನು, ಮೇಲೆ ಗಾಜಿನಂಥ ಬೂದಿ ಕೂತಿದ್ದರೆ ಹಲ್ಲು ಸವೆದೇ ಸವೆಯುತ್ತೆ. ಹವೆ ಒಣಗಿದಷ್ಟೂ ದೂಳು ಜಾಸ್ತಿ, ಹಾಗಾಗಿ ಹವಾಮಾನ ಹಿಂಬಾಗಿಲಿಂದ ಮತ್ತೆ ಒಳಗೆ ಬರುತ್ತೆ.

ಮೈಸೂರ್‌ಪಾಕ್
ದಕ್ಷಿಣ ಅಮೆರಿಕ ಅಂದರೆ ನೆನಪಾಯಿತು. ಅಲ್ಲಿ ಎಮ್ಮೆ ಗಾತ್ರದ ಇಲಿ ಇತ್ತಂತೆ, ನಿಜನಾ? ಇಲಿ ಬಂತು ಅಂದರೆ ಹುಲಿ ಬಂತು ಅನ್ನೋ ಜನ ಇದ್ದಾರೆ, ಅದಕ್ಕೆ ಕೇಳಿದೆ.

ಜರಡಿಜಾಣ
ನಿಜ. ಜೋಸೆಫೊಆರ್ಟಿಗಾಸಿಯಾ ಮೊನೆಸಿ. ಉರುಗ್ವೆಯಲ್ಲಿ ತಲೆಬುರುಡೆ ಸಿಕ್ಕಿತು, 2008ರಲ್ಲಿ ಪ್ರಕಟವಾಯಿತು. ಬುರುಡೆಯೇ 53 ಸೆಂಟಿಮೀಟರ್ ಉದ್ದ. ಮೊದಲು ಸುಮಾರು 1,000 ಕಿಲೋ ಎಂದರು, ಆಮೇಲೆ ಬೇರೆಯವರು ಲೆಕ್ಕ ಹಾಕಿ ಅರ್ಧಕ್ಕಿಂತ ಕೆಳಗೆ ಇಳಿಸಿದರು. ಅರ್ಧ ಅಂದರೂ ಚಿಕ್ಕದೇನಲ್ಲ.

ಮೈಸೂರ್‌ಪಾಕ್
ಗಣಪತಿ ಕೂರೋಕೆ ಸರಿಯಾದ ಗಾತ್ರ ಈಗ ಸಿಕ್ಕಿತು.

ತಗಾದೆತಮ್ಮಯ್ಯ
ವಿಷಯಕ್ಕೆ ಬನ್ನಿ. ಸ್ಪೇನಿನ ಲೆಕ್ಕ ಯಾರೂ ತೆಗೆಯಲಿಲ್ಲ, ನಾನೇ ತೆಗೆಯುತ್ತೇನೆ. ಯಾನ್ ಫಾನ್ ಡಾಮ್ ತಂಡ ಮಧ್ಯ ಸ್ಪೇನಿನ 2.2 ಕೋಟಿ ವರ್ಷದ ದಂಶಕಗಳ ದಾಖಲೆ ಇಟ್ಟುಕೊಂಡು 2006ರಲ್ಲಿ ಒಂದು ವಾದ ಮುಂದಿಟ್ಟಿತು. ಜಾತಿಗಳು ಅಳಿಯುವುದು, ಹೊಸವು ಕಾಣಿಸಿಕೊಳ್ಳುವುದು ಮನಸ್ಸಿಗೆ ಬಂದ ಹಾಗೆ ನಡೆದಿಲ್ಲ. ಸುಮಾರು 24-25 ಲಕ್ಷ ವರ್ಷಕ್ಕೊಮ್ಮೆ ಮತ್ತು ಸುಮಾರು 10 ಲಕ್ಷ ವರ್ಷಕ್ಕೊಮ್ಮೆ ಅಲೆ ಏಳುತ್ತೆ. ಭೂಮಿಯ ಕಕ್ಷೆ ಹಿಗ್ಗಿ ಕುಗ್ಗುವ, ಅಕ್ಷ ವಾಲುವ ದೀರ್ಘ ಚಕ್ರಗಳಿಗೆ ಇದು ತಾಳೆ ಆಗುತ್ತೆ. ಇದನ್ನು ಒಪ್ಪಿದರೆ ಹಳೇಬೇರು ಪ್ರಶ್ನೆಗೆ ಉತ್ತರ: ಹೆಚ್ಚು ಪಾಲು ಹೋಗೋದು ಬರೋದು, ಕಡಿಮೆ ಪಾಲು ಬದಲಾಗೋದು.

ನೀಲಿಹಕ್ಕಿ
ಸಾರ್, ಜೊತೆಗೆ ಆಯಿತು ಅಂದ ಮಾತ್ರಕ್ಕೆ ಅದರಿಂದಲೇ ಆಯಿತು ಅಂತಲ್ಲ ಅಂತ ಮೇಲೆ ಯಾರೋ ಹೇಳಿದ್ದರು.

ತಗಾದೆತಮ್ಮಯ್ಯ
ಒಂದು ಸಲ ಕೂಡಿ ಬಂದರೆ ಕಾಕತಾಳೀಯ ಅನ್ನಬಹುದು ತಾಯಿ. 2.2 ಕೋಟಿ ವರ್ಷ ತಾಳ ತಪ್ಪದೆ ಬಂದರೆ ಕಿವಿಗೊಡಬೇಕು.

ನೀಲಿಹಕ್ಕಿ
ಕಿವಿಗೊಟ್ಟೆ. ಆದರೆ ಹೊಸ ಜಾತಿ ಸ್ಪೇನಿಗೆ ಬಂದದ್ದು ಅಂದರೆ ಅದು ಬೇರೆಲ್ಲೋ ಹುಟ್ಟಿರಲೇಬೇಕು. ಪ್ರೊಗೊನೊಮಿಸ್ಸೇ ದಕ್ಷಿಣ ಏಷ್ಯಾದಲ್ಲಿ ರೂಪುಗೊಂಡು ಆಮೇಲೆ ಯುರೋಪಿಗೆ ಹೋಯಿತು. ಸ್ಪೇನಿನವರಿಗೆ ಅದು ದಿಢೀರ್ ಅಂತ ಬಂದ ಅತಿಥಿ, ಪೊಟ್ವಾರಿನವರಿಗೆ ಮನೆಯಲ್ಲೇ ಬೆಳೆದ ಮಗು. ನಿಮಗೂ ಜಾಣ ಸಾರ್‌ಗೂ ಇರುವ ಜಗಳದಲ್ಲಿ ಅರ್ಧ ಭಾಗ ಎಲ್ಲಿ ನಿಂತು ನೋಡುತ್ತೀರಿ ಅನ್ನೋದರದ್ದು.

ಹಳೇಬೇರು
ಇದು ನನಗೆ ಹೊಳೆದಿರಲಿಲ್ಲ. ಒಂದೇ ಕಡೆ ತೋಡಿದ ಮಣ್ಣು ನೋಡಿ ತೀರ್ಮಾನ ಮಾಡುವವರಿಗೆಲ್ಲ ಇದನ್ನು ತೋರಿಸಬೇಕು.

ಕಾಳುಮೆಣಸು
ನಮ್ಮ ಕಡೆಗೆ ಸಂಬಂಧಪಟ್ಟದ್ದು ಏನಾದರೂ ಇದೆಯಾ? ಶಿವಾಲಿಕ್, ಸ್ಪೇನ್, ಬೆಲ್ಜಿಯಂ ಎಲ್ಲ ಆಯಿತು.

ಜರಡಿಜಾಣ
ನಿಮ್ಮ ತೋಟದಲ್ಲೇ ಇರಬಹುದು. ಮಲಬಾರ್ ಮುಳ್ಳಿಲಿ, ಪ್ಲಾಟಕ್ಯಾಂಥೊಮಿಸ್. 1859ರಲ್ಲಿ ಎಡ್ವರ್ಡ್ ಬ್ಲೈತ್ ವಿವರಿಸಿದ್ದು. ಬೆನ್ನಿನ ಕೂದಲ ನಡುವೆ ಚಪ್ಪಟೆ ಮುಳ್ಳುಗಳಿವೆ. ಮರದ ಪೊಟರೆಯಲ್ಲಿ ವಾಸ, ರಾತ್ರಿ ಸಂಚಾರ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಬದುಕಿರುವ ಅದರ ಹತ್ತಿರದ ನೆಂಟ ಟಿಫ್ಲೊಮಿಸ್, ಅದು ದಕ್ಷಿಣ ಚೀನಾ ಮತ್ತು ವಿಯೆಟ್ನಾಂನಲ್ಲಿ. ನಡುವೆ ಸಾವಿರಾರು ಕಿಲೋಮೀಟರ್ ಖಾಲಿ.

ಯುನ್ನಾನಿನ ಲುಫೆಂಗ್‌ನಲ್ಲಿ ಪ್ಲಾಟಕ್ಯಾಂಥೊಮಿಸ್‌ನದ್ದೇ ಪಳೆಯುಳಿಕೆ ಸಿಕ್ಕಿದೆ. ಯುರೋಪಿನ ಹಳೇ ಪದರಗಳಲ್ಲೂ ಈ ಬಳಗದ ನಿಯೊಕೊಮೆಟಿಸ್ ಇತ್ತು. ಅಂದರೆ ಒಂದು ಕಾಲದಲ್ಲಿ ಯುರೋಪಿನಿಂದ ಚೀನಾ ತನಕ ಹಸಿ ಕಾಡಿದ್ದ ಕಡೆ ಇವು ಓಡಾಡಿಕೊಂಡಿದ್ದವು. ಹವೆ ಒಣಗಿ, ತಂಪಾಗಿ, ಕಾಡು ತುಂಡು ತುಂಡಾದಾಗ ಎರಡು ಮೂಲೆಯಲ್ಲಿ ಮಾತ್ರ ಉಳಿದವು. ಶಿವಾಲಿಕ್‌ನ ಇಲಿ ಹುಲ್ಲು ಬಂದಾಗ ಹಲ್ಲು ಬದಲಿಸಿತು. ಇದು ಹಲ್ಲು ಬದಲಿಸದೆ ಕಾಡು ಇರುವಲ್ಲಿಗೆ ಅಂಟಿಕೊಂಡು ಕೂತಿತು.

ಹಿಮಗನ್ನಡಿಗ
ಟಿಫ್ಲೊಮಿಸ್ ಬಾವಲಿ ಥರ ಶಬ್ದದಿಂದ ದಾರಿ ಹುಡುಕುತ್ತೆ ಅಂತ ಈಚೆಗೆ ಗೊತ್ತಾಗಿದೆ. ಕಣ್ಣು ತೀರಾ ಮಂದ.

ಡೆನ್ವರ್‌ದೋಸೆ
ಕಾಡು ಸರಿದರೆ ಮೂಲೆ ಹಿಡಿಯೋದು ಸರಿ, ಮೂಲೆಯೇ ಇಲ್ಲದವರ ಗತಿ? ಆಸ್ಟ್ರೇಲಿಯಾದ ಬ್ರಾಂಬಲ್ ಕೇ ಎಂಬ ಪುಟ್ಟ ದ್ವೀಪದಲ್ಲಿ ಮೆಲೊಮಿಸ್ ಅನ್ನೋ ಇಲಿ ಇತ್ತು. ಸಮುದ್ರ ಏರಿ ಉಪ್ಪುನೀರು ನುಗ್ಗಿ ಗಿಡ ಹಾಳಾಯಿತು. 2009ರಲ್ಲಿ ಕೊನೆಯ ಸಲ ಕಂಡದ್ದು. 2014ರಲ್ಲಿ ಹುಡುಕಿದರೂ ಸಿಗಲಿಲ್ಲ. 2019ರಲ್ಲಿ ಅಲ್ಲಿನ ಸರ್ಕಾರ ಅಳಿದುಹೋಗಿದೆ ಎಂದು ಘೋಷಿಸಿತು. ಮನುಷ್ಯ ತಂದ ಹವಾಮಾನ ಬದಲಾವಣೆಯಿಂದ ಅಳಿದ ಮೊದಲ ಸಸ್ತನಿ ಅಂತ ಹೇಳುತ್ತಾರೆ.

ಬಯಲುಸೀಮೆ
ನಮ್ಮ ಗೋದಾಮಿನ ಇಲಿಗೆ ಮಾತ್ರ ಯಾವ ಹವಾಮಾನವೂ ತಟ್ಟಲ್ಲ.

ಸುಣ್ಣಕಲ್ಲು
ಗೋದಾಮು ಕಟ್ಟಿ ಕಾಳು ತುಂಬಿಸಿ ವರ್ಷಪೂರ್ತಿ ಒಂದೇ ಹವೆ ಇಟ್ಟುಕೊಟ್ಟವರು ನೀವೇ ಅಲ್ವಾ.

ಕಾಳುಮೆಣಸು
ಜಾಣರೇ, ಹಾಗಾದರೆ ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಹತ್ತಿ ಕಾಳು ಉದುರಿಸುತ್ತಿರುವುದು ಈ ಮುಳ್ಳಿಲಿಯೇ ಇರಬೇಕು. ಮೆಣಸು ತಿನ್ನುತ್ತಾ ಅದು?

ಜರಡಿಜಾಣ
ತಿನ್ನುತ್ತೆ. ಹಳೇ ಬರಹಗಳಲ್ಲೇ ಮೆಣಸು, ಹಲಸು ಹಾಳು ಮಾಡುತ್ತೆ ಅಂತ ದೂರು ಇದೆ. ಆದರೆ ಸಾಮಾನ್ಯ ಮರದ ಇಲಿಯೂ ಇರಬಹುದು, ಬೋನಿಗೆ ಬಿದ್ದರೆ ಕೊಲ್ಲಬೇಡಿ, ಮೊದಲು ನೋಡಿ. ಮುಳ್ಳಿಲಿಗೆ ಬಾಲದ ತುದಿ ಕಡೆ ಕೂದಲು ದಟ್ಟ, ತುದಿ ಬೆಳ್ಳಗೆ. ನೀವು ಕಂಡದ್ದರ ಬಾಲ ಹೇಗಿತ್ತು?

ಕಾಳುಮೆಣಸು
ರಾತ್ರಿ ಹನ್ನೊಂದಕ್ಕೆ, ಜಡಿಮಳೆಯಲ್ಲಿ, ಜಿಗಣೆ ಕಿತ್ತುಕೊಳ್ಳುತ್ತಾ ನಿಂತವನು ಬಾಲದ ತುದಿ ಯಾಕೆ ನೋಡಲಿ ಮಾರಾಯ್ರೇ?